ಬಲಕ್ಕೆ ಬಾಗಿದ ಮಹಾಪಧಮನಿ: ಸಣ್ಣ ಗಾಯದ ಚಿಕಿತ್ಸೆ ಎಲ್ಲಿಯವರೆಗೆ ಸಾಕು?

ಪ್ರಶ್ನೆ: ನನ್ನ ಅಕ್ಕನಿಗೆ 47 ವರ್ಷ. ಎರಡು ವರ್ಷಗಳಿಂದ ಗಟ್ಟಿ ಆಹಾರ ನುಂಗಿದಾಗ ಎದೆಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡಂತಾಗಿ, ನೀರು ಕುಡಿದ ಮೇಲೆ ಕೆಳಗಿಳಿಯುತ್ತದೆ. ಅದಕ್ಕೂ ಮೊದಲು ಎಷ್ಟೋ ವರ್ಷ ಅಸ್ತಮಾ ಎಂದು ಇನ್‌ಹೇಲರ್ ಬಳಸುತ್ತಿದ್ದರು. ಈಗ ಸಿಟಿ ಆಂಜಿಯೋಗ್ರಾಮಿನಲ್ಲಿ ಮಹಾಪಧಮನಿಯ ಕಮಾನು ಬಲಗಡೆಗೆ ಇದೆ, ಎಡಗೈಗೆ ಹೋಗುವ ರಕ್ತನಾಳ ಅನ್ನನಾಳದ ಹಿಂದಿನಿಂದ ಹಾದುಹೋಗುತ್ತದೆ, ಅದರ ಬುಡದಲ್ಲಿ 36 ಮಿ.ಮೀ. ಉಬ್ಬು ಇದೆ ಎಂದು ಬಂದಿದೆ. ಒಬ್ಬ ವೈದ್ಯರು ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕೆನ್ನುತ್ತಾರೆ. ಇನ್ನೊಬ್ಬರು ಕುತ್ತಿಗೆಯಲ್ಲಿ ಸಣ್ಣ ಗಾಯ ಮಾಡಿ, ತೊಡೆಸಂದಿನಿಂದ ಸ್ಟೆಂಟ್ ಹಾಕಿದರೆ ಸಾಕೆನ್ನುತ್ತಾರೆ. ಸಣ್ಣ ಗಾಯದ್ದೇ ಒಳ್ಳೆಯದಲ್ಲವೇ? ಅವರ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ನಿಮ್ಮ ಅಕ್ಕನವರಿಗೆ ಇರುವುದು ಒಂದೇ ತೊಂದರೆ ಎಂದುಕೊಂಡಿರುವುದರಿಂದ ಇಬ್ಬರು ವೈದ್ಯರ ಮಾತು ಒಂದಕ್ಕೊಂದು ಎದುರಾಗಿ ಕಾಣುತ್ತಿದೆ. ಅಲ್ಲಿ ಎರಡು ತೊಂದರೆಗಳಿವೆ. ಒಂದು, ರಕ್ತದ ಒತ್ತಡಕ್ಕೆ ಹಿಗ್ಗಿ ಮುಂದೊಂದು ದಿನ ಸೀಳಬಹುದಾದ ಉಬ್ಬು. ಇನ್ನೊಂದು, ಶ್ವಾಸನಾಳವನ್ನೂ ಅನ್ನನಾಳವನ್ನೂ ಸುತ್ತಿಕೊಂಡಿರುವ ಉಂಗುರ. ಸ್ಟೆಂಟ್ ಮೊದಲನೆಯದಕ್ಕೆ ಒಳ್ಳೆಯ ಉತ್ತರ; ಎರಡನೆಯದಕ್ಕೆ ಅರ್ಧ ಉತ್ತರ ಮಾತ್ರ. ಆದ್ದರಿಂದ ಗಾಯ ಎಷ್ಟು ಉದ್ದ ಎನ್ನುವುದಕ್ಕಿಂತ ಮೊದಲು, ಅವರನ್ನು ಈಗ ಕಾಡುತ್ತಿರುವುದು ಮತ್ತು ಮುಂದೆ ಕಾಡಬಹುದಾದದ್ದು ಇವೆರಡರಲ್ಲಿ ಯಾವುದು ಎಂಬುದು ತೀರ್ಮಾನವಾಗಬೇಕು.

ಈ ಉಂಗುರ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಚಿಕಿತ್ಸೆಯ ಲೆಕ್ಕಾಚಾರವೆಲ್ಲ ಅದರಲ್ಲಿಯೇ ಅಡಗಿದೆ. ಭ್ರೂಣದ ಮೊದಲ ವಾರಗಳಲ್ಲಿ ಶ್ವಾಸನಾಳ ಮತ್ತು ಅನ್ನನಾಳಗಳ ಎರಡೂ ಪಕ್ಕದಲ್ಲಿ ಒಂದೊಂದು ಕಮಾನು ಇರುತ್ತದೆ. ಸಾಮಾನ್ಯವಾಗಿ ಬಲಗಡೆಯದು ಕರಗಿ ಎಡಗಡೆಯದು ಉಳಿಯುತ್ತದೆ. ಸಾವಿರಕ್ಕೆ ಒಬ್ಬರ ಆಸುಪಾಸಿನಲ್ಲಿ ಇದು ತಿರುವುಮುರುವಾಗಿ ಬಲಗಡೆಯ ಕಮಾನು ಉಳಿಯುತ್ತದೆ. ಎಡಗಡೆಯ ಕಮಾನು ಕರಗುವಾಗ, ಕುತ್ತಿಗೆಯ ಮೂಲಕ ಮಿದುಳಿಗೆ ರಕ್ತ ಒಯ್ಯುವ ಎಡ ಕೆರೋಟಿಡ್ ಮತ್ತು ಎಡ ಸಬ್‌ಕ್ಲೇವಿಯನ್ ಧಮನಿಗಳ ನಡುವಿನ ತುಂಡು ಮಾತ್ರ ಹೋಗಿ ಹಿಂದಿನ ತುಂಡು ಉಳಿದುಬಿಟ್ಟರೆ, ಎಡಗೈಗೆ ರಕ್ತ ಕೊಡುವ ಸಬ್‌ಕ್ಲೇವಿಯನ್ ಧಮನಿಯು ಕಮಾನಿನ ಕೊಟ್ಟಕೊನೆಯ ಕವಲಾಗಿ ಹೊರಟು, ಅನ್ನನಾಳದ ಬೆನ್ನ ಹಿಂದೆ ಎಡಕ್ಕೆ ದಾಟಬೇಕಾಗುತ್ತದೆ. ಉಳಿದ ಆ ತುಂಡೇ ನಿಮ್ಮ ವರದಿಯಲ್ಲಿರುವ ಉಬ್ಬು. 1936ರಲ್ಲಿ ಬದುಕಿರುವ ರೋಗಿಯೊಬ್ಬರಲ್ಲಿ ಎಕ್ಸ್‌ರೇ ಮೂಲಕ ಇಂಥ ಉಬ್ಬನ್ನು ಗುರುತಿಸಿದ ಜರ್ಮನ್ ವೈದ್ಯ ಕೊಮ್ಮೆರೆಲ್ ಅವರ ಹೆಸರಿನಿಂದ ಅದನ್ನು ಕೊಮ್ಮೆರೆಲ್ ಡೈವರ್ಟಿಕುಲಮ್ ಎನ್ನುತ್ತಾರೆ. ಅವರು ಕಂಡದ್ದು ಎಡಗಡೆಯ ಸಾಮಾನ್ಯ ಕಮಾನಿನಿಂದ ಬಲ ಸಬ್‌ಕ್ಲೇವಿಯನ್ ದಾರಿ ತಪ್ಪಿ ಹೊರಟಿದ್ದ ಪ್ರಕಾರ. ನಿಮ್ಮ ಅಕ್ಕನವರದು ಅದರ ಕನ್ನಡಿಬಿಂಬದಂಥದ್ದು.

ಇಷ್ಟರಿಂದಲೇ ಉಂಗುರವಾಗುವುದಿಲ್ಲ. ಹುಟ್ಟುವ ಮೊದಲು ಶ್ವಾಸಕೋಶದ ಧಮನಿಯಿಂದ ಮಹಾಪಧಮನಿಗೆ ರಕ್ತ ಸಾಗಿಸುತ್ತಿದ್ದ ಕಿರುನಾಳವೊಂದು ಹುಟ್ಟಿದ ಮೇಲೆ ಮುಚ್ಚಿ ನಾರಿನ ಪಟ್ಟಿಯಾಗಿ ಉಳಿಯುತ್ತದೆ. ನಿಮ್ಮ ಅಕ್ಕನವರಂಥವರಲ್ಲಿ ಈ ಪಟ್ಟಿಯು ಎಡ ಶ್ವಾಸಕೋಶದ ಧಮನಿಯಿಂದ ಹೊರಟು ಅದೇ ಉಬ್ಬಿಗೆ ಬಂದು ಅಂಟಿಕೊಂಡಿರುತ್ತದೆ. ಬಲಕ್ಕೆ ಕಮಾನು, ಹಿಂದೆ ಉಬ್ಬು, ಎಡಕ್ಕೆ ಈ ಪಟ್ಟಿ, ಮುಂದೆ ಶ್ವಾಸಕೋಶದ ಧಮನಿ: ಹೀಗೆ ಸುತ್ತು ಪೂರ್ಣವಾಗುತ್ತದೆ. ಭ್ರೂಣದಲ್ಲಿ ಆ ನಾಳದ ಮೂಲಕ ರಭಸದಿಂದ ಹರಿದ ರಕ್ತವೇ ಉಬ್ಬನ್ನು ಅಗಲವಾಗಿ ಉಳಿಸಿತು. ಅಂದರೆ ಉಬ್ಬು ಮತ್ತು ಪಟ್ಟಿ ಒಂದೇ ಕಥೆಯ ಎರಡು ತುದಿಗಳು. ಸಿಟಿ ಚಿತ್ರದಲ್ಲಿ ರಕ್ತ ಹರಿಯುವ ಉಬ್ಬು ಬೆಳ್ಳಗೆ ಹೊಳೆಯುತ್ತದೆ. ರಕ್ತವಿಲ್ಲದ ಪಟ್ಟಿ ಕಣ್ಣಿಗೇ ಬೀಳುವುದಿಲ್ಲ. ಕಾಣದಿರುವುದನ್ನು ಮರೆಯುವುದು ಸುಲಭ. ಈ ರೋಗದಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡ ಪಾಲು ಇದರಿಂದಲೇ ಆಗುತ್ತದೆ.

ನುಂಗುವ ಕಷ್ಟಕ್ಕೂ ದಾರಿ ತಪ್ಪಿದ ಧಮನಿಗೂ ಇರುವ ನಂಟನ್ನು 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಡೇವಿಡ್ ಬೇಫರ್ಡ್ ಎಂಬ ವೈದ್ಯರು ಮರಣೋತ್ತರ ಪರೀಕ್ಷೆಯಲ್ಲಿ ಕಂಡು, ಪ್ರಕೃತಿಯ ಚೇಷ್ಟೆ ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಕರೆದರು. ಡಿಸ್ಫೇಜಿಯಾ ಲುಸೋರಿಯಾ ಎಂದು ನಿಮ್ಮ ವರದಿಯ ಮೂಲೆಯಲ್ಲೆಲ್ಲಾದರೂ ಬರೆದಿದ್ದರೆ ಅದು ಇದೇ. ಚೇಷ್ಟೆ ಎನ್ನುವ ಪದ ನನಗೆ ಇಷ್ಟವಿಲ್ಲ. ಊಟದ ಮುಂದೆ ಕೂತು ಮುಕ್ಕಾಲು ಗಂಟೆ ಅಗಿಯುವವರಿಗೆ ಅದು ಚೇಷ್ಟೆಯಲ್ಲ.

ಅಸ್ತಮಾ ಎಂದು ವರ್ಷಗಟ್ಟಲೆ ಇನ್‌ಹೇಲರ್ ಬಳಸಿದ್ದೂ ಅಪರೂಪದ ಸಂಗತಿಯಲ್ಲ. ಉಸಿರಿನ ಪರೀಕ್ಷೆಯಲ್ಲಿ ಅಂಕಿಗಳನ್ನು ಬಿಟ್ಟು ಗೆರೆಯ ಆಕಾರವನ್ನು ನೋಡಬೇಕು. ಅಸ್ತಮಾದಲ್ಲಿ ಹೊರಬಿಡುವ ಉಸಿರಿನ ಗೆರೆ ಚೂಪಾಗಿ ಏರಿ, ಬಳಿಕ ಒಳಕ್ಕೆ ಬಾಗಿ ತಗ್ಗಿನಂತೆ ಇಳಿಯುತ್ತದೆ. ದೊಡ್ಡ ಶ್ವಾಸನಾಳವನ್ನೇ ಏನಾದರೂ ಒತ್ತುತ್ತಿದ್ದರೆ ಆ ಶಿಖರ ಕತ್ತರಿಸಿ ಹಾಕಿದಂತೆ ಚಪ್ಪಟೆಯಾಗುತ್ತದೆ. ಅಕ್ಕನವರ ಹಳೆಯ ವರದಿಗಳಿದ್ದರೆ ಆ ಚಿತ್ರವನ್ನು ಹುಡುಕಿ ತೋರಿಸಿ. ಎರಡೂ ಒಟ್ಟಿಗೆ ಇರುವುದೂ ಸಾಧ್ಯ, ಹಾಗಾಗಿ ಇನ್‌ಹೇಲರ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.

ಈಗ 36 ಮಿ.ಮೀ. ಎಂಬ ಅಂಕಿಗೆ ಬರೋಣ. ಮಹಾಪಧಮನಿಯ ಕಾಯಿಲೆಗಳ ಬಗ್ಗೆ ಅಮೆರಿಕದ ಹೃದ್ರೋಗ ಸಂಸ್ಥೆಗಳು 2022ರಲ್ಲಿ ಹೊರತಂದ ಮಾರ್ಗದರ್ಶಿಯ ಪ್ರಕಾರ, ಉಬ್ಬಿನ ಬಾಯಿ 30 ಮಿ.ಮೀ. ದಾಟಿದ್ದರೆ, ಇಲ್ಲವೇ ಉಬ್ಬು ಮತ್ತು ಪಕ್ಕದ ಮಹಾಪಧಮನಿ ಸೇರಿ 50 ಮಿ.ಮೀ. ದಾಟಿದ್ದರೆ ದುರಸ್ತಿಯನ್ನು ಯೋಚಿಸಬಹುದು. ಗಮನಿಸಿ, ಈ ಎರಡು ಅಳತೆಗಳು ಬೇರೆ ಬೇರೆ ಜಾಗದವು. ವರದಿಯಲ್ಲಿ ಬರೀ 36 ಎಂದಿದ್ದರೆ ಅದನ್ನು ಎಲ್ಲಿಂದ ಎಲ್ಲಿಗೆ ಅಳೆದರು ಎಂದು ರೇಡಿಯಾಲಜಿಸ್ಟರನ್ನು ಕೇಳಲೇಬೇಕು. ಇದು ಅಪರೂಪದ ಕಾಯಿಲೆಯಾದ್ದರಿಂದ ಈ ಗಡಿಗಳ ಹಿಂದೆ ಸಾವಿರಾರು ರೋಗಿಗಳ ಅನುಭವವಿಲ್ಲ. ಚಿಕ್ಕ ಉಬ್ಬು ಒಡೆದದ್ದೂ ಉಂಟು, ದೊಡ್ಡದು ಸುಮ್ಮನಿದ್ದದ್ದೂ ಉಂಟು. ಆ ಗೋಡೆಯ ನಡುಪದರ ಹುಟ್ಟಿನಿಂದಲೇ ಬಲಹೀನವಾಗಿರುವುದು ಸಾಮಾನ್ಯ. ನಿಮ್ಮ ಅಕ್ಕನವರ ವಿಷಯದಲ್ಲಿ ಅಂಕಿಯೂ ಗಡಿ ದಾಟಿದಂತಿದೆ, ತೊಂದರೆಯೂ ಇದೆ. ಆದ್ದರಿಂದ ಏನಾದರೂ ಮಾಡಬೇಕು ಎಂಬಲ್ಲಿ ಇಬ್ಬರು ವೈದ್ಯರೂ ಸರಿ.

ಆದರೆ ಅದಕ್ಕೂ ಮೊದಲು, ನುಂಗುವ ಕಷ್ಟ ಈ ಧಮನಿಯಿಂದಲೇ ಎಂಬುದು ಖಚಿತವಾಗಬೇಕು. ಕಮಾನು ಹುಟ್ಟಿನಿಂದ ಹೀಗೆಯೇ ಇದ್ದಾಗ 45ನೇ ವಯಸ್ಸಿಗೆ ತೊಂದರೆ ಏಕೆ ಶುರುವಾಯಿತು? ಧಮನಿ ಗಡುಸಾಗಿ, ಉಬ್ಬು ಬೆಳೆದು ಹಾಗಾಗಬಹುದು. ಆಮ್ಲ ಮೇಲೇರುವುದರಿಂದ ಅಥವಾ ಅನ್ನನಾಳದ ಚಲನೆಯೇ ಕೆಟ್ಟಿರುವುದರಿಂದಲೂ ಆಗಬಹುದು. ಬೇರಿಯಂ ಕುಡಿಸಿ ಪಕ್ಕದಿಂದ ತೆಗೆದ ಚಿತ್ರದಲ್ಲಿ ಅನ್ನನಾಳದ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿದಂತಹ ತಗ್ಗು ಕಾಣಬೇಕು, ಬೇರಿಯಂ ನಿಜವಾಗಿ ಅಲ್ಲಿಯೇ ತಡೆಯಬೇಕು. ಎಂಡೋಸ್ಕೋಪಿ ಮತ್ತು ಅನ್ನನಾಳದೊಳಗಿನ ಒತ್ತಡದ ಪರೀಕ್ಷೆ ಕೂಡ ಆಗಿರಲಿ. ಇವನ್ನು ಬಿಟ್ಟು ನೇರವಾಗಿ ಆಪರೇಷನ್ ಕೊಠಡಿಗೆ ಹೋದ ರೋಗಿಯೊಬ್ಬರು, ಎಲ್ಲವೂ ಚೆನ್ನಾಗಿ ಮುಗಿದ ಆರು ತಿಂಗಳ ಮೇಲೂ ಅದೇ ದೂರಿನೊಂದಿಗೆ ನನ್ನ ಎದುರು ಕೂತದ್ದು ನೆನಪಿದೆ. ಅವರ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲಗೊಳ್ಳುತ್ತಿರಲಿಲ್ಲ, ಧಮನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಸಣ್ಣ ಗಾಯದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡು ಹಂತಗಳಿರುತ್ತವೆ. ಮೊದಲನೆಯದು ಕುತ್ತಿಗೆಯಲ್ಲಿ. ಕೊರಳೆಲುಬಿನ ಮೇಲೆ ಒಂದು ಬೆರಳಗಲ ಬಿಟ್ಟು ಐದಾರು ಸೆಂಟಿಮೀಟರ್ ಗಾಯ ಮಾಡಿ, ಎಡ ಕೆರೋಟಿಡ್‌ನಿಂದ ಎಡ ಸಬ್‌ಕ್ಲೇವಿಯನ್‌ಗೆ ಕೃತಕ ನಾಳದ ಸೇತುವೆ ಕಟ್ಟುತ್ತಾರೆ, ಅಥವಾ ಸಬ್‌ಕ್ಲೇವಿಯನ್ ಅನ್ನೇ ಕತ್ತರಿಸಿ ತಂದು ಕೆರೋಟಿಡ್‌ಗೆ ಹೊಲಿಯುತ್ತಾರೆ. ಎಡಗೈಯ ಜೊತೆಗೆ ಮಿದುಳಿನ ಹಿಂಭಾಗಕ್ಕೆ ಹೋಗುವ ವರ್ಟೆಬ್ರಲ್ ಧಮನಿಯನ್ನು ಕಾಪಾಡುವುದು ಇದರ ಉದ್ದೇಶ. ಗಾಯ ಸಣ್ಣದಾದರೂ ಜಾಗ ಸೂಕ್ಷ್ಮ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ನಡೆಸುವ ಫ್ರೆನಿಕ್ ನರ ಅಲ್ಲಿನ ಕುತ್ತಿಗೆಯ ಸ್ನಾಯುವೊಂದರ ಮೇಲೆಯೇ ಓರೆಯಾಗಿ ಇಳಿದಿರುತ್ತದೆ. ಕರುಳಿನಿಂದ ಕೊಬ್ಬನ್ನು ಹೊತ್ತು ತರುವ ದುಗ್ಧನಾಳವು ಎಡಗಡೆಯಲ್ಲಿ ಅಲ್ಲಿಯೇ ಬಂದು ಸೇರುತ್ತದೆ. ಅದಕ್ಕೆ ಪೆಟ್ಟಾಗಿದ್ದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ರೋಗಿ ಊಟ ಮಾಡಿದ ಮೇಲೆ ಗಾಯದ ಡ್ರೈನಿನ ಸೀಸೆಯಲ್ಲಿ ತಿಳಿಗೆಂಪಾಗಿದ್ದ ದ್ರವ ಹಾಲಿನಂತೆ ಬೆಳ್ಳಗಾಗುತ್ತದೆ. ದಾರಿ ತಪ್ಪಿದ ಸಬ್‌ಕ್ಲೇವಿಯನ್ ಮಾಮೂಲಿಗಿಂತ ಹಿಂದೆ, ಆಳದಲ್ಲಿ ಇರುವುದರಿಂದ ಕತ್ತರಿಸಿ ತರುವ ಕೆಲಸಕ್ಕೆ ಪಳಗಿದ ಕೈ ಬೇಕು.

ಎರಡನೆಯದು ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಸುರುಳಿಗೆ ಬಟ್ಟೆ ಹೊದಿಸಿದ ಕೊಳವೆ. ಎದೆಯೊಳಗಿನ ಮಹಾಪಧಮನಿಗೆ ಇಂಥದ್ದನ್ನು ಮೊದಲು ಹಾಕಿದವರು 1987ರಲ್ಲಿ ಉಕ್ರೇನಿನ ಖಾರ್ಕಿವ್ ನಗರದ ವೈದ್ಯ ನಿಕೊಲಾಯ್ ವೊಲೊದೊಸ್. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರ ವರದಿ ಬಂದ ಮೇಲೆ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಮಡಚಿದ ಸ್ಥಿತಿಯಲ್ಲಿ ಇದು ಸುಮಾರು 7–8 ಮಿ.ಮೀ. ದಪ್ಪದ ಕೊಳವೆಯೊಳಗೆ ತೊಡೆಸಂದಿನ ಧಮನಿಯಿಂದ ಮೇಲೇರುತ್ತದೆ. ಹೆಂಗಸರಲ್ಲಿ ಸೊಂಟದ ಧಮನಿಗಳು ಸಾಮಾನ್ಯವಾಗಿ ಸಣ್ಣವು. ಆದ್ದರಿಂದ ಅಕ್ಕನವರ ಸಿಟಿ ಚಿತ್ರ ಎದೆಗೆ ನಿಲ್ಲದೆ ತೊಡೆಯವರೆಗೂ ಇರಬೇಕು. ಬಿಚ್ಚುವ ಕ್ಷಣದಲ್ಲಿ ರಕ್ತದ ರಭಸಕ್ಕೆ ಸ್ಟೆಂಟ್ ಜಾರದಿರಲೆಂದು ಪೇಸಿಂಗ್ ತಂತಿಯಿಂದ ಹೃದಯವನ್ನು ಕೆಲವು ಸೆಕೆಂಡ್ ಅತಿವೇಗವಾಗಿ ಮಿಡಿಸಿ ಒತ್ತಡವನ್ನು ತಗ್ಗಿಸುತ್ತಾರೆ. ಬಳಿಕ ಎಡಗೈಯ ಧಮನಿಯ ಮೂಲಕ ಬಂದು, ಸಬ್‌ಕ್ಲೇವಿಯನ್‌ನ ಬುಡಕ್ಕೆ ಬಿರಡೆಯಂಥ ಪ್ಲಗ್ ಇಡುತ್ತಾರೆ. ಅದಿಲ್ಲದಿದ್ದರೆ ಮುಂದಿನಿಂದ ಮುಚ್ಚಿದ ಉಬ್ಬಿಗೆ ಸೇತುವೆಯ ರಕ್ತ ಹಿಂದಿನಿಂದ ನುಗ್ಗುತ್ತದೆ.

ಕಷ್ಟ ಇರುವುದು ಸ್ಟೆಂಟಿನ ಹಿಡಿತದಲ್ಲಿ. ಅದು ಸೋರದಂತೆ ಕೂರಲು ಉಬ್ಬಿನ ಮೇಲೂ ಕೆಳಗೂ ಕನಿಷ್ಠ 20 ಮಿ.ಮೀ. ಆರೋಗ್ಯವಂತ ಗೋಡೆ ಬೇಕೆಂಬುದು ರೂಢಿಯ ಲೆಕ್ಕ. ಬಲಗಡೆಯ ಕಮಾನಿನಲ್ಲಿ ಬಲ ಸಬ್‌ಕ್ಲೇವಿಯನ್‌ನ ಬಾಯಿಗೂ ಉಬ್ಬಿಗೂ ನಡುವೆ ಅಷ್ಟು ಜಾಗ ಅನೇಕ ವೇಳೆ ಸಿಗುವುದಿಲ್ಲ. ಆಗ ಬಲ ಸಬ್‌ಕ್ಲೇವಿಯನ್‌ನ ಬಾಯಿಯನ್ನೂ ಮುಚ್ಚಬೇಕು, ಅದಕ್ಕಾಗಿ ಬಲ ಕುತ್ತಿಗೆಯಲ್ಲೂ ಸೇತುವೆ ಕಟ್ಟಬೇಕು. ಎರಡೂ ಕಡೆ ಸೇತುವೆಗಳಿಲ್ಲದೆ ಎರಡೂ ಬಾಯಿಗಳನ್ನು ಮುಚ್ಚಿದರೆ ಮಿದುಳಿನ ಹಿಂಭಾಗ ರಕ್ತವಿಲ್ಲದೆ ನಲುಗುತ್ತದೆ. ಒಂದು ಸಣ್ಣ ಗಾಯ ಎಂದು ಶುರುವಾದದ್ದು ಎರಡು ಕುತ್ತಿಗೆ ಗಾಯ, ಒಂದು ತೊಡೆಸಂದಿನ ಗಾಯ, ಒಂದು ತೋಳಿನ ಚುಚ್ಚು ಆಗುವುದು ಹೀಗೆ. ಕವಲಿರುವ ಸ್ಟೆಂಟ್‌ಗಳೂ ಈಗ ಬಂದಿವೆ. ಆದರೆ ಅವುಗಳ ಬಾಗು ಮತ್ತು ಕವಲಿನ ಜಾಗವನ್ನು ಎಡಗಡೆಯ ಸಾಮಾನ್ಯ ಕಮಾನಿಗೆ ಹೊಂದುವಂತೆ ಮಾಡಿರುತ್ತಾರೆ. ಬಲಗಡೆಯ ಕಮಾನಿನಲ್ಲಿ ಬಳಸಬೇಕಾದರೆ ಆ ಅಂಗರಚನೆಯಲ್ಲಿ ಅನುಭವವಿರುವವರೇ ಬೇಕು.

ಅಪಾಯಗಳನ್ನು ಮುಚ್ಚಿಡುವುದು ಸರಿಯಲ್ಲ. ಕಮಾನಿನೊಳಗೆ ತಂತಿ ಆಡಿಸುವಾಗ ಕೊಬ್ಬಿನ ಚೂರು ಕಿತ್ತು ಮಿದುಳಿಗೆ ಹೋದರೆ ಪಾರ್ಶ್ವವಾಯು. ಮಿದುಳುಬಳ್ಳಿಗೆ ರಕ್ತ ಕೊಡುವ ಕವಲುಗಳು ಮುಚ್ಚಿದರೆ ಕಾಲುಗಳ ಬಲ ಹೋಗಬಹುದು. ಉದ್ದದ ಸ್ಟೆಂಟ್ ಬೇಕಾದಾಗ ಈ ಭಯ ಹೆಚ್ಚು. ಸ್ಟೆಂಟಿನ ಮೇಲಂಚು ಗೋಡೆಯನ್ನು ಸೀಳಿ, ಆ ಸೀಳು ಹೃದಯದ ಕಡೆಗೆ ಹಿಂದಕ್ಕೆ ಹಬ್ಬುವುದು ಅಪರೂಪ, ಆದರೆ ಅದು ತುರ್ತಾಗಿ ಎದೆ ತೆರೆಯಬೇಕಾದ ಸ್ಥಿತಿ. ಎದೆ ತೆರೆಯುವ ಶಸ್ತ್ರಚಿಕಿತ್ಸೆಯಲ್ಲಿ ಇವೆಲ್ಲ ಇಲ್ಲವೆಂದಲ್ಲ. ಜೊತೆಗೆ ಶ್ವಾಸಕೋಶದ ತೊಂದರೆ, ರಕ್ತಸ್ರಾವ, ವಾರಗಟ್ಟಲೆ ನೋವು ಇವೆ. ಕೆಲವು ಸಂದರ್ಭಗಳಲ್ಲಿ ದೇಹವನ್ನು ತಂಪಾಗಿಸಿ ರಕ್ತಪರಿಚಲನೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಗುವುದೂ ಇದೆ.

ಹಾಗಾದರೆ ಎದೆ ತೆರೆಯುವುದರಿಂದ ಸಿಗುವ ಲಾಭವೇನು? ಶಸ್ತ್ರವೈದ್ಯರು ಆ ಕಾಣದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ಹುಡುಕಿ ಕತ್ತರಿಸುತ್ತಾರೆ, ಉಬ್ಬನ್ನು ತೆಗೆದುಹಾಕುತ್ತಾರೆ, ಅನ್ನನಾಳದ ಸುತ್ತ ಬೆಸೆದ ನಾರುಗಳನ್ನು ಬಿಡಿಸುತ್ತಾರೆ. ಪಟ್ಟಿ ತುಂಡಾದ ಕ್ಷಣದಲ್ಲಿ ಅದರ ಎರಡು ತುದಿಗಳು ಬಿಗಿದ ರಬ್ಬರಿನಂತೆ ಒಂದು ಸೆಂಟಿಮೀಟರಿನಷ್ಟು ದೂರ ಸರಿಯುವುದನ್ನು ನೋಡಿದವರಿಗೆ ಉಂಗುರ ಎಂಬ ಮಾತಿನ ಅರ್ಥ ತಿಳಿಯುತ್ತದೆ. ಎಡಗಡೆಯ ಧ್ವನಿನರ ಈ ಪಟ್ಟಿಯನ್ನೇ ಸುತ್ತಿ ಮೇಲೇರುವುದರಿಂದ ಅದನ್ನು ಮೊದಲು ಗುರುತಿಸಿಕೊಳ್ಳಬೇಕು, ಇಲ್ಲವಾದರೆ ಸ್ವರ ಒಡೆಯುತ್ತದೆ. ಸ್ಟೆಂಟ್ ಹಾಕಿದಾಗ ಪಟ್ಟಿ ಹಾಗೆಯೇ ಉಳಿಯುತ್ತದೆ. ಉಬ್ಬಿನೊಳಗಿನ ರಕ್ತ ಹೆಪ್ಪುಗಟ್ಟಿ, ಮಿಡಿತ ನಿಂತು, ತಿಂಗಳುಗಳಲ್ಲಿ ಅದು ಕುಗ್ಗಿದರೆ ನುಂಗುವುದು ಸುಲಭವಾಗಬಹುದು, ಅನೇಕರಿಗೆ ಆಗುತ್ತದೆ. ಕುಗ್ಗದಿದ್ದರೆ ಹೆಪ್ಪುಗಟ್ಟಿದ ಗಡ್ಡೆ ಮತ್ತು ಗಡುಸಾದ ಸ್ಟೆಂಟ್ ಎರಡೂ ಅನ್ನನಾಳದ ಬೆನ್ನಿಗೆ ಒರಗಿಕೊಂಡೇ ಇರುತ್ತವೆ. ವರ್ಷಗಳ ನಂತರ ಅಲ್ಲಿ ತೂತು ಬೀಳುವುದು ತೀರಾ ವಿರಳ, ಆದರೆ ಬಿದ್ದರೆ ಮಾರಕ.

ನಡುವಿನ ದಾರಿಯೂ ಒಂದಿದೆ. ಕುತ್ತಿಗೆಯ ಸೇತುವೆ ಮತ್ತು ಸ್ಟೆಂಟ್ ಆದ ಮೇಲೆ, ಎಡಪಕ್ಕೆಯಲ್ಲಿ ಮೂರ್ನಾಲ್ಕು ಕಿರುರಂಧ್ರಗಳ ಮೂಲಕ ಕ್ಯಾಮೆರಾ ಬಿಟ್ಟು ಪಟ್ಟಿಯನ್ನು ಮಾತ್ರ ಕತ್ತರಿಸುವುದು. ಮಕ್ಕಳ ಉಂಗುರಗಳನ್ನು ಹೀಗೆ ಥೊರಾಕೋಸ್ಕೋಪ್‌ನಿಂದ ಬಿಡಿಸುವ ಪದ್ಧತಿ 1990ರ ದಶಕದಿಂದಲೇ ಇದೆ. ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್ 1945ರಲ್ಲಿ ಮೊದಲ ಬಾರಿಗೆ ಎದೆ ತೆರೆದು ಮಾಡಿದ ಕೆಲಸವೇ ಈಗ ರಂಧ್ರಗಳ ಮೂಲಕ ನಡೆಯುತ್ತದೆ. ಬೆಳೆಯುವ ಮಕ್ಕಳಿಗೆ ಬಟ್ಟೆಯ ಸ್ಟೆಂಟ್ ಹೊಂದುವುದಿಲ್ಲ, ಆದ್ದರಿಂದ ಅವರಲ್ಲಿ ಸಣ್ಣ ಗಾಯ ಎಂದರೆ ಬಹುತೇಕ ಇದೇ. ವಯಸ್ಕರಲ್ಲಿ ಪಟ್ಟಿಯೊಳಗೆ ಕೂದಲೆಳೆಯಷ್ಟು ರಕ್ತದ ದಾರಿ ಉಳಿದಿರುವ ಸಾಧ್ಯತೆ ಇರುವುದರಿಂದ, ಕತ್ತರಿಸುವ ಮೊದಲು ಎರಡೂ ಕಡೆ ಭದ್ರವಾಗಿ ಕಟ್ಟಬೇಕು.

ನನ್ನ ಅಭಿಪ್ರಾಯವನ್ನು ಕೇಳಿದ್ದೀರಿ. 47 ವರ್ಷ, ಶ್ವಾಸಕೋಶ ಮತ್ತು ಹೃದಯ ಚೆನ್ನಾಗಿವೆ, ಬೇರಿಯಂ ಚಿತ್ರದಲ್ಲಿ ಒತ್ತಡ ಸ್ಪಷ್ಟವಾಗಿದೆ ಎಂದಾದರೆ, ಕಮಾನಿನ ಕೆಲಸವನ್ನು ದಿನನಿತ್ಯ ಮಾಡುವ ತಂಡವಿರುವಲ್ಲಿ ಪಟ್ಟಿಯನ್ನು ಕತ್ತರಿಸುವ ಚಿಕಿತ್ಸೆಯ ಕಡೆಗೆ ನಾನು ವಾಲುತ್ತೇನೆ. ಅದು ಎದೆ ತೆರೆದಾದರೂ ಸರಿ, ಮೇಲೆ ಹೇಳಿದ ಜೋಡಿ ವಿಧಾನವಾದರೂ ಸರಿ. ಉಸಿರಿನ ಪರೀಕ್ಷೆಯಲ್ಲಿ ಶ್ವಾಸಕೋಶವೇ ಸೋತಿದೆ ಎಂದು ಬಂದರೆ, ಅಥವಾ ನುಂಗುವ ಕಷ್ಟಕ್ಕೆ ಬೇರೆ ಕಾರಣ ಸಿಕ್ಕಿ ಉಬ್ಬಿನ ಭಯವೊಂದೇ ಉಳಿದರೆ, ಕುತ್ತಿಗೆಯ ಸೇತುವೆ ಮತ್ತು ಸ್ಟೆಂಟ್ ಉತ್ತಮ ಆಯ್ಕೆ. ಸ್ಟೆಂಟ್ ಸೂಚಿಸಿದ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಮೇಲ್ಗಡೆ ಹಿಡಿತಕ್ಕೆ ಎಷ್ಟು ಮಿ.ಮೀ. ಸಿಗುತ್ತದೆ, ಬಲಗಡೆಯೂ ಸೇತುವೆ ಬೇಕಾಗುತ್ತದೆಯೇ, ಪಟ್ಟಿಯನ್ನು ಏನು ಮಾಡುತ್ತೀರಿ. ಹೋಗುವಾಗ ಮುದ್ರಿತ ವರದಿ ಸಾಲದು. ಸಿಟಿಯ ಪೂರ್ತಿ ಚಿತ್ರಗಳಿರುವ ಸಿಡಿ ಇರಲಿ.

ಸ್ಟೆಂಟ್ ಆದಲ್ಲಿ ಜೀವನಪರ್ಯಂತ ತಪಾಸಣೆ ಉಂಟು. ಮೊದಲ ತಿಂಗಳು, ಆರನೇ ತಿಂಗಳು, ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ಚಿತ್ರ ತೆಗೆದು ಸೋರಿಕೆ ನೋಡುತ್ತಾರೆ. ಇನ್ನೊಂದು ಚಿಕ್ಕ ಸಂಗತಿ: ಚಿಕಿತ್ಸೆಯ ನಂತರ ಎರಡೂ ತೋಳುಗಳಲ್ಲಿ ರಕ್ತದೊತ್ತಡ ಅಳೆದು ಬರೆದಿಟ್ಟುಕೊಳ್ಳಿ. ಸೇತುವೆ ಇರುವ ತೋಳಿನ ಅಂಕಿ ಕ್ರಮೇಣ ಇನ್ನೊಂದಕ್ಕಿಂತ ತಗ್ಗುತ್ತಾ ಬಂದರೆ ಸೇತುವೆ ಕಿರಿದಾಗುತ್ತಿದೆ ಎಂದು ಅನುಮಾನಿಸಬೇಕು. ಮಾಮೂಲಿ ತಪಾಸಣೆಯಲ್ಲಿ ಯಾವಾಗಲೂ ಹೆಚ್ಚಿನ ಅಂಕಿ ಬರುವ ತೋಳಿನದ್ದನ್ನೇ ನಂಬಬೇಕು. ಕಡಿಮೆ ತೋರಿಸುವ ತೋಳಿನಲ್ಲಿ ಅಳೆದು ಒತ್ತಡ ಸರಿಯಿದೆ ಎಂದುಕೊಂಡರೆ ಮಹಾಪಧಮನಿಯ ಗೋಡೆಗೆ ಅದು ಒಳ್ಳೆಯದಲ್ಲ.

ಮಕ್ಕಳ ವಿಷಯ. ಬಲಗಡೆಯ ಕಮಾನು ಸಾಮಾನ್ಯವಾಗಿ ವಂಶದಲ್ಲಿ ಹರಿದುಬರುವಂಥದ್ದಲ್ಲ. ಆದರೆ ಇಂಥವರಲ್ಲಿ ಕೆಲವರಿಗೆ 22ನೇ ಕ್ರೋಮೋಸೋಮಿನ ಒಂದು ಚಿಕ್ಕ ತುಂಡು ಇರುವುದಿಲ್ಲ. ಅಕ್ಕನವರಿಗೆ ಆ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ ದೋಷ ಕಂಡರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ನೂರಕ್ಕೆ ಐವತ್ತು, ಆಗ ಮಕ್ಕಳನ್ನು ತಳಿವಿಜ್ಞಾನದ ತಜ್ಞರಿಗೆ ತೋರಿಸಬೇಕು. ದೋಷವಿಲ್ಲದಿದ್ದರೆ, ಮಕ್ಕಳಿಗೆ ನುಂಗುವ ಅಥವಾ ಉಸಿರಿನ ತೊಂದರೆ ಇಲ್ಲದಿದ್ದರೆ, ಸಿಟಿ ಮಾಡಿಸುವ ಅಗತ್ಯವಿಲ್ಲ.